ಗೆಜ್ಜೆ ಕಟ್ಟಿದ ಬೇಟೆನಾಯಿ

ನನ್ನ ಬೀಗದ ಕೈ ಗೊಂಚಲಿನಲ್ಲಿ ಒಂದು ಕಂಚಿನ ಗೆಜ್ಜೆಯಿದೆ. ಮನೆಗಳು ಬದಲಾದವು, ಬೀಗಗಳು ಬದಲಾದವು, ಗೆಜ್ಜೆ ಮಾತ್ರ ಹಾಗೇ ಉಳಿದುಕೊಂಡು ಬಂದಿದೆ. ಮೊನ್ನೆ ನಾನು ಬಾಗಿಲು ತೆಗೆಯುವಾಗ ಅದು ಘಲ್ ಎಂದದ್ದು ಕೇಳಿ, ಪಕ್ಕದ ಮನೆಯ ಹುಡುಗಿ, ಎರಡು ಮಕ್ಕಳ ತಾಯಿ, "ಏನಾಂಟಿ, ದನದ ಗೆಜ್ಜೆ ಕಟ್ಕೊಂಡಿದೀರಲ್ಲ?" ಎಂದು ನಕ್ಕಳು. "ದನದ್ದೇ ಕಣಮ್ಮ, ಆದರೆ ಕಟ್ಟಿದ್ದು ನಾಯಿಗೆ" ಎಂದೆ. ಅಷ್ಟೇ ಸಾಕಾಯಿತು. ಅವಳ ಗಂಡನಿಗೆ ನಾಯಿ ಸಾಕುವ ಆಸೆಯಂತೆ, ಅದೂ ಬೇಟೆ ತಳಿಯದೇ ಆಗಬೇಕಂತೆ, ಇವಳಿಗೆ ಮಕ್ಕಳ ಚಿಂತೆಯಂತೆ. "ನಿಮಗೆ ಗೊತ್ತಿರುತ್ತೆ, ಯಾವ ಜಾತಿ ತರಬಹುದು ಹೇಳಿ" ಎಂದು ನನ್ನನ್ನೇ ಕೇಳಬೇಕೆ! ನಾನು ಈ ಜನ್ಮದಲ್ಲಿ ಒಂದು ನಾಯಿಯನ್ನೂ ಆರಿಸಿದವಳಲ್ಲ. ತರಕಾರಿಯವನ ಹತ್ತಿರ ನೆಟ್ಟಗೆ ಒಂದು ಬದನೆಕಾಯಿ ಆರಿಸಲು ಬಾರದವಳು. ಆದರೆ ಒಂದು ಇಡೀ ಸಂಸಾರ ಸೇರಿಕೊಂಡು ನಾಯಿ ಆರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರವೂ ಅಷ್ಟು ಎಳೆದಿರಲಿಲ್ಲ.

ನಮ್ಮದು ಕೊಳ್ಳೇಗಾಲದ ಪಕ್ಕದ ಮಧುವನಹಳ್ಳಿ. ತಾಲ್ಲೂಕು ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷ ಕಳೆದಿದ್ದವು. "ನಾವು ಕುಂತಿದ್ ಜಾಗ್ದಲ್ಲೇ ಕುಂತಿದ್ದೊ ಕಣವ್ವ, ರಾಜ್ಯವೇ ಎದ್ದು ಬಂತು" ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ನಾನು, ಅಪ್ಪನ ತಮ್ಮ ಅಂದರೆ ನಮ್ಮ ಚಿಕ್ಕಪ್ಪ, ಮತ್ತು ಚಿಕ್ಕಮ್ಮ ಶಾಂತಮ್ಮ. ಸುತ್ತ ಹೊಲ, ಹಿತ್ತಲಿಗೆ ಅಂಟಿಕೊಂಡು ಹಿಪ್ಪುನೇರಳೆ ತೋಟ, ಒಳಗಿನ ದೊಡ್ಡ ಕೋಣೆಯಲ್ಲಿ ರೇಷ್ಮೆ ಹುಳದ ತಟ್ಟೆಗಳು. ಬೆಳಿಗ್ಗೆ ಎದ್ದರೆ ವಿಭೂತಿ, ಸಂಜೆಯಾದರೆ ಶಿವಪೂಜೆ. ಕೋಳಿಮೊಟ್ಟೆಯ ಹೆಸರನ್ನೂ ಒಳಮನೆಯಲ್ಲಿ ಎತ್ತುವಂತಿರಲಿಲ್ಲ. ಇಂಥ ಮನೆಯಲ್ಲಿ ಹುಟ್ಟಿದ ಚಿಕ್ಕಪ್ಪನಿಗೆ ಹಕ್ಕಿ ಶಿಕಾರಿಯ ಹುಚ್ಚು ಹೇಗೆ ಹತ್ತಿತೋ ಆ ಬೆಟ್ಟದ ಮಾದಪ್ಪನಿಗೇ ಗೊತ್ತು.

ಹುಚ್ಚಿಗೂ ಒಂದು ಕಟ್ಟುಪಾಡಿತ್ತು. ಕೋವಿ ಕೊಟ್ಟಿಗೆಯ ಅಟ್ಟದ ಮೇಲಿರಬೇಕು. ಹೊಡೆದ ಕೌಜುಗ, ಲಾವುಗೆ ಯಾವುದೂ ಊರೊಳಗೆ ಬರಕೂಡದು. ಅವೆಲ್ಲ ಹನೂರಿನ ಕಾಂಪೌಂಡರ್ ಮನೆಯ ಒಲೆಗೆ ಹೋಗುತ್ತಿದ್ದವು. ಕಾಂಪೌಂಡರ್ ಚಿಕ್ಕಪ್ಪನ ಶಿಕಾರಿ ಜೊತೆಗಾರ, ತಿನ್ನುವುದರಲ್ಲಿ ಶೂರ. ಚಿಕ್ಕಪ್ಪ ಮಾತ್ರ ಕೊಟ್ಟಿಗೆಯ ಮುಂದೆ ತಣ್ಣೀರು ಸುರಿದುಕೊಂಡು, ವಿಭೂತಿ ಹಚ್ಚಿಕೊಂಡು, ಏನೂ ಆಗದವನಂತೆ ಮುದ್ದೆ ಉಪ್ಪೆಸರಿಗೆ ಕೂರುತ್ತಿದ್ದ. ಅಜ್ಜಿ ಸುಮ್ಮನಿರುವ ಪೈಕಿಯೆ?

"ತಿನ್ನದಿದ್ ಮ್ಯಾಲೆ ಯಾಕ್ಲಾ ಒಡೀತೀಯ ಅದ? ಪಾಪ ಬರಾಕಿಲ್ವಾ?"

"ಅವ್ವ, ನಾವು ಸಾಕಿದ್ ಗೂಡ ಮಾರ್ತೀವಲ್ಲ, ಅದ್ರೊಳ್ಗಿನ್ ಹುಳುವ ಬಿಸಿನೀರಲ್ಲಿ ಬೇಯುಸ್ತಾರಲ್ಲ?"

"ಬೇಯ್ಸೋರು ಬ್ಯಾರೆ ಕಣ್ಲಾ, ನಾವಲ್ಲ."

"ತಿನ್ನೋರೂ ಬ್ಯಾರೆ ಕಣವ್ವ, ನಾನಲ್ಲ."

ಈ ಪಾಪಪುಣ್ಯದ ಲೆಕ್ಕ ನಮ್ಮ ಮನೆಯಲ್ಲಿ ಯಾವತ್ತೂ ಬಗೆಹರಿಯಲಿಲ್ಲ. ಇಬ್ಬರೂ ತಾವೇ ಗೆದ್ದೆವೆಂದುಕೊಂಡು ಊಟ ಮಾಡಿ ಮಲಗುತ್ತಿದ್ದರು.

ಶಿಕಾರಿಗೆ ನಾಯಿಯೊಂದು ಬೇಕು ಎಂದು ಚಿಕ್ಕಪ್ಪನ ತಲೆಗೆ ಬಂದದ್ದೇ ಅನರ್ಥಕ್ಕೆ ಮೊದಲು. ಅಜ್ಜೀಪುರದ ದನದ ವ್ಯಾಪಾರಿಯೊಬ್ಬ ಗಡಿಯಾಚೆಯಿಂದ ಒಂದು ನಾಯಿ ತಂದುಕೊಟ್ಟ. ಬಿಳೀ ಮೈ, ಉದ್ದ ಕಾಲು, ನಡುವೆಂಬುದೇ ಇಲ್ಲ. ಹೆಸರು ಮಿನ್ನಲ್. ತಮಿಳಿನಲ್ಲಿ ಹಾಗೆಂದರೆ ಮಿಂಚಂತೆ. ಓಡಿದರೆ ಮಿಂಚೇ ಸರಿ, ಆದರೆ ಓಡುತ್ತಿದ್ದದ್ದು ಮೊಲದ ಹಿಂದೆ. ಕೌಜುಗ ಮೂಗಿನ ಕೆಳಗೆ ಕೂತಿದ್ದರೂ ಅದಕ್ಕೆ ಕಾಣುತ್ತಿರಲಿಲ್ಲ. ಕಣ್ಣಿಗೆ ಓಡುವಂಥದ್ದು ಬೀಳಬೇಕು, ಬಿದ್ದರೆ ಬಿಡುವುದಿಲ್ಲ. ಒಂದು ಮಧ್ಯಾಹ್ನ ನಮ್ಮ ಮನೆಯ ಬೆಕ್ಕು ಅಂಗಳ ದಾಟುತ್ತಿದ್ದಾಗ ಮಿನ್ನಲ್ ಅದನ್ನು ಹಿಡಿದು ಕೊಡವಿದ ರೀತಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಜಗಲಿಯ ಮೇಲೆ ಸೊಪ್ಪು ಹೆಚ್ಚುತ್ತಿದ್ದ ಚಿಕ್ಕಮ್ಮ ಕಿಟಾರನೆ ಕಿರುಚಿ ಒಳಗೋಡಿದಳು.

ಚಿಕ್ಕಮ್ಮನ ವಿಷಯ ಇಲ್ಲಿ ಹೇಳಬೇಕು. ಅವಳು ಯಳಂದೂರಿನವಳು. ಚಿಕ್ಕವಳಿದ್ದಾಗ ಬೀದಿನಾಯಿಯೊಂದು ಅವಳ ಮೀನಖಂಡವನ್ನು ಹರಿದಿತ್ತು, ಅದಕ್ಕೆ ಹೊಕ್ಕುಳ ಸುತ್ತ ಸೂಜಿ ಚುಚ್ಚಿಸಿಕೊಂಡಿದ್ದಳು. ಆಗಿನ ಸೂಜಿಯೆಂದರೆ ಏನು ಕೇಳುತ್ತೀರಿ, ದೊಡ್ಡ ಗಂಡಸರೇ ಅಳುತ್ತಿದ್ದರು. ಅಂದಿನಿಂದ ದೂರದಲ್ಲಿ ನಾಯಿ ಬೊಗಳಿದರೂ ಅವಳ ಕೈ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಲಿಲ್ಲ. ಹರಕೆ ಹೊತ್ತು, ಬೆಟ್ಟ ಹತ್ತಿ, ಕಂಡಕಂಡವರ ಮಾತು ಕೇಳಿ ಸಾಕಾಗಿ, ಕೊನೆಗೆ ಬಸುರಿಯಾದಾಗಲೇ ಮನೆಯಲ್ಲಿ ಈ ಮಿನ್ನಲ್ ಇದ್ದದ್ದು. ಅವಳು ಹೆರಿಗೆಗೆ ತವರಿಗೆ ಹೋದಳು, ಗಂಡುಮಗು ಹುಟ್ಟಿತು, ಮಾದೇವ ಎಂದು ಹೆಸರಿಟ್ಟರು. ಬಾಣಂತನ ಮುಗಿದರೂ ಅವಳು ಬರಲಿಲ್ಲ. ಕರೆಯಲು ಹೋದ ಚಿಕ್ಕಪ್ಪನಿಗೆ ಬಾಗಿಲಲ್ಲೇ ಹೇಳಿದಳಂತೆ: "ನಾಯಿ ಇರೋ ಹಟ್ಟಿಗೆ ನಾ ನನ್ ಕೂಸ ತಕಂಡು ಬರಾಕಿಲ್ಲ. ಅದಿರ್ಬೇಕು, ಇಲ್ಲ ನಾವಿರ್ಬೇಕು."

ಚಿಕ್ಕಪ್ಪ ಬಸ್ಸಿಳಿದು ಬಂದವನೇ ಮಿನ್ನಲ್ಲನ್ನು ಅಜ್ಜೀಪುರಕ್ಕೆ ಕಳಿಸಿದ. ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಹೆಂಡತಿಯೂ ಬೇಕು, ಹಕ್ಕಿ ನಾಯಿಯೂ ಬೇಕು ಎನ್ನುವ ಜಾತಿ ಅವನದು. ಮಗುವನ್ನು ಕಚ್ಚದ, ಹಕ್ಕಿಯನ್ನು ಬಿಡದ ನಾಯಿ ಲೋಕದಲ್ಲಿ ಇಲ್ಲದೆ ಹೋದೀತೆ ಎಂದು ಹುಡುಕಲು ಹೊರಟ.

ಮೊದಲು ಬಂಡಳ್ಳಿಯಿಂದ ಒಂದು ಕರೀ ನಾಟಿ ನಾಯಿ ತಂದ. ಪಾಪ, ಎಂಥ ಸಾಧು! ನಾನು ಕಿವಿ ಹಿಡಿದೆಳೆದರೂ ಬಾಲ ಅಲ್ಲಾಡಿಸುತ್ತಿತ್ತು. ಹಕ್ಕಿಯನ್ನೂ ಹುಡುಕುತ್ತಿತ್ತು, ಹುಡುಕಿ ಅಲ್ಲೇ ಕೂತು ಪುಕ್ಕ ಸಮೇತ ತಿಂದು ಬರುತ್ತಿತ್ತು. ಕಾಂಪೌಂಡರಿಗೆ ಹೊಟ್ಟೆ ಉರಿಯಿತು. ಕೊನೆಗೆ ಅದು ಹುಳದ ಕೋಣೆಗೆ ನುಗ್ಗಿ ತಟ್ಟೆಯೊಂದನ್ನು ನೆಕ್ಕಿ ಖಾಲಿ ಮಾಡಿ, ಅಜ್ಜಿಯ ಮಡಿಲಿಗೇ ಬಂದು ತಲೆಯಿಟ್ಟು ಮಲಗಿತು. ಅಜ್ಜಿ ಪೊರಕೆ ತಗೊಂಡಳು. ನಾಯಿ ಬಂಡಳ್ಳಿಗೆ ವಾಪಸು.

ಆಮೇಲೆ ಕಾಂಪೌಂಡರ್ ಒಂದು ಹಳೇ ಇಂಗ್ಲಿಷ್ ಪುಸ್ತಕ ಕಂಕುಳಲ್ಲಿಟ್ಟುಕೊಂಡು ನಮ್ಮ ಜಗಲಿಗೆ ಬಂದ. ಅದರ ತುಂಬ ನಾಯಿಗಳ ಚಿತ್ರ. "ನೋಡಿ ಸಾ, ಹಕ್ಕಿ ನಾಯಿಗಳಲ್ಲಿ ಮೂರು ಥರ. ಒಂದು ಪೊದೆಗೆ ನುಗ್ಗಿ ಎಬ್ಸೋದು. ಇನ್ನೊಂದು ಅಲುಗಾಡ್ದೆ ನಿಂತ್ಕಂಡು ಇಲ್ಲಿ ಅದೆ ಅಂತ ತೋರ್ಸೋದು. ಮತ್ತೊಂದು ಬಿದ್ದಿದ್ದ ಬಾಯಲ್ ಕಚ್ಕಂಡು ತಂದ್ಕೊಡೋದು. ನಿಮ್ಗೆ ಯಾವ್ದಾಗ್ಬೇಕು?" ಎಂದು ವಿವರಿಸಿದ.

ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತಲಿಲ್ಲ. "ಅವೆಲ್ಲ ನಮ್ ಹಟ್ಟಿಲಿ ಆಗ್ಲೇ ಅವೆ ಕಣಪ್ಪ. ಹೊತ್ತಾರೆ ಎಲ್ರನ್ನೂ ಎಬ್ಸೋಳು ನಾನು. ನಿಂತ್ಕಂಡು ಅಲ್ಲಿ ಅದೆ, ಇಲ್ಲಿ ಅದೆ ಅಂತ ತೋರ್ಸೋನು ನನ್ ದೊಡ್ಮಗ. ತಂದ್ಕೊಡೋಳು ಅವ್ನೆಂಡ್ತಿ. ಇನ್ನೊಂದ್ ನಾಯಿ ಯಾಕೆ?" ಒಳಗಿದ್ದ ನಮ್ಮವ್ವ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ಅಪ್ಪ ಮಾತ್ರ ಆ ದಿನವೆಲ್ಲ ಯಾವುದಕ್ಕೂ ಬೆರಳು ಮಾಡಿ ತೋರಿಸಲಿಲ್ಲ.

ನಗು ನಗುತ್ತಲೇ ಮನೆ ಬಣಗುಟ್ಟುತ್ತಿತ್ತು. ಕಟ್ಟಿದ ತೊಟ್ಟಿಲು ಖಾಲಿ. ಚಿಕ್ಕಪ್ಪ ಊಟಕ್ಕೆ ಕೂತರೆ ಅರ್ಧ ಮುದ್ದೆ ಬಿಟ್ಟು ಏಳುತ್ತಿದ್ದ. ಬಿಡಬಾರದೆ ಆ ಹುಚ್ಚನ್ನು ಎನ್ನುತ್ತೀರಿ. ನನಗೂ ಹಾಗೇ ಅನ್ನಿಸುತ್ತಿತ್ತು. ಆದರೆ ಹುಳ, ಸೊಪ್ಪು, ಮತ್ತೆ ಹುಳ, ಮತ್ತೆ ಸೊಪ್ಪು ಎಂದು ವರ್ಷವಿಡೀ ಬಗ್ಗಿಯೇ ದುಡಿಯುವ ಮನುಷ್ಯನಿಗೆ ಹೊಲದಲ್ಲಿ ತಲೆಯೆತ್ತಿ ನಡೆಯುವ ಒಂದು ಭಾನುವಾರ ಬೇಕಾಗಿತ್ತು. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ದಾರಿ ತೋರಿಸಿದವರು ಚಿಕ್ಕಮ್ಮನ ಅಪ್ಪ, ಯಳಂದೂರಿನ ತಾತ. ಅವರದು ದಿನಸಿ ಅಂಗಡಿ, ಬಿಳಿಗಿರಿರಂಗನ ಬೆಟ್ಟದ ಮೇಲಿನ ಕಾಫಿ ತೋಟಕ್ಕೆ ಸಾಮಾನು ಕಳಿಸುತ್ತಿದ್ದರು. ಮಗಳು ತವರಲ್ಲೇ ಕೂತರೆ ಊರವರ ಬಾಯಿ ಮುಚ್ಚಿಸುವುದು ಹೇಗೆಂದು ಅವರಿಗೂ ಸಂಕಟ. ತೋಟದ ಬಿಳಿ ದೊರೆ ತನ್ನ ಸೀಮೆಗೆ ಹೊರಟಾಗ ಬಿಟ್ಟುಹೋದ ಒಂದು ಹೆಣ್ಣುನಾಯಿಯನ್ನು ತಾವೇ ಲಾರಿಯಲ್ಲಿ ಇಳಿಸಿಕೊಂಡು ಬಂದು, "ಒಂದ್ಸಲ ಬಂದು ನೋಡ್ಕಂಡೋಗಿ" ಎಂದು ಹೇಳಿಕಳಿಸಿದರು. ಚಿಕ್ಕಪ್ಪ, ಅಜ್ಜಿ, ನಾನು ಬಸ್ಸು ಹತ್ತಿದೆವು. ಬೇರೆಯವರು ಹೆಣ್ಣು ನೋಡಲು ಹೋಗುವ ಹಾಗೆ ಅಜ್ಜಿ ಬಾಳೆಹಣ್ಣು, ಎಲೆಯಡಿಕೆ ಕಟ್ಟಿಕೊಂಡಿದ್ದಳು.

ನಾಯಿಯ ಹೆಸರು ರೋಸಿ. ಬಿಳಿ ಮೈಯ ಮೇಲೆ ಕಂದು ಮಚ್ಚೆ, ಜೋಲುಕಿವಿ, ಅಳುವವರ ಹಾಗೆ ಒದ್ದೆ ಕಣ್ಣು. ಕಾಂಪೌಂಡರನ ಪುಸ್ತಕದ ಎರಡನೇ ಥರದ್ದು, ನಿಂತು ತೋರಿಸುವ ಪಾಯಿಂಟರ್. ಮನೆಯೊಳಗೆ ಬಂದು ಎಲ್ಲರ ಕೈ ಮೂಸಿತು. ಚಿಕ್ಕಮ್ಮ ಅಡಿಗೆಮನೆಯ ಬಾಗಿಲ ಹಿಂದೆ. ಪಡಸಾಲೆಯ ತೊಟ್ಟಿಲಲ್ಲಿ ಮಗು ಕಂಬಳಿಯೊಳಗೆ ಮಿಸುಕಿತು. ಅಷ್ಟೇ. ರೋಸಿ ತಟ್ಟನೆ ಕಲ್ಲಾಗಿಬಿಟ್ಟಿತು. ಮುಂಗಾಲೊಂದು ಮೇಲೆ, ಬಾಲ ನೆಟ್ಟಗೆ, ಮೂಗು ತೊಟ್ಟಿಲ ಕಡೆಗೆ.

"ಅಯ್ಯೋ ಶಿವ್ನೇ, ಹಾರ್ತದೆ, ನನ್ ಕೂಸಿನ್ ಮ್ಯಾಲ್ ಹಾರ್ತದೆ!" ಎಂದು ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಿದ್ದಳು.

"ಹಾರಾಕಿಲ್ಲ ಕಣೇ ಶಾಂತಾ, ತಡಿ. ಇಲ್ಲೊಂದು ಜೀವ ಅದೆ ಅಂತ ತೋರ್ಸ್ತದೆ ಅಷ್ಟೇಯ. ಬಾಯಿ ಹಾಕಾಕಿಲ್ಲ" ಎಂದ ಚಿಕ್ಕಪ್ಪ. ಅವನ ಮುಖ ಆ ಹೊತ್ತಿನಲ್ಲಿ ಹೇಗೆ ಅರಳಿತ್ತೆಂದರೆ, ಮಗ ಹುಟ್ಟಿದ ಸುದ್ದಿ ಬಂದಾಗಲೂ ಅಷ್ಟು ಅರಳಿರಲಿಲ್ಲ. ನಿಧಾನಕ್ಕೆ ಹೋಗಿ ರೋಸಿಯ ಭುಜದ ಮೇಲೆ ಕೈಯಿಟ್ಟು "ಸಾಕು" ಎಂದ. ಆಗ ಅದು ಕಾಲಿಳಿಸಿ, ಮೈ ಕೊಡವಿ, ಏನೂ ಆಗಿಲ್ಲವೆಂಬಂತೆ ನೆಲಕ್ಕೆ ಮೂತಿಯಿಟ್ಟು ಮಲಗಿತು. ಯಾರಾದರೂ ಹೀಗೆ ಭುಜ ಮುಟ್ಟಿ ಹೇಳುವ ತನಕ ಅದು ಕಾಲಿಳಿಸುತ್ತಿರಲಿಲ್ಲ. ಹಾಗೆ ಪಳಗಿಸಿದ್ದರಂತೆ.

"ನನ್ ಕೂಸೇನು ನಿಮ್ಗೆ ಕೌಜುಗವಾ?" ಎಂದು ಚಿಕ್ಕಮ್ಮ ಅತ್ತಳು. ಅಜ್ಜಿ ಅವಳ ಬೆನ್ನು ಸವರಿದಳು. ತಾತ ತಲೆ ತಗ್ಗಿಸಿದರು. ಆಯಿತು, ಇದೂ ಮುರಿಯಿತು ಎಂದುಕೊಂಡೆ ನಾನು. ಆದರೆ ಚಿಕ್ಕಮ್ಮ ಮಲಗಿದ್ದ ನಾಯಿಯನ್ನೇ ನೋಡಿ, ಮೂಗೊರೆಸಿಕೊಂಡು, ಗಂಡನ ಮುಖ ನೋಡಿ, "ಕೊಟ್ಗೇಲೇ ಇರ್ಬೇಕು, ವಸ್ಲು ದಾಟ್ಕೂಡ್ದು. ಕೊರಳ್ಗೊಂದು ಗೆಜ್ಜೆ ಕಟ್ರಿ. ಅದು ಎಲ್ಲದೆ ಅಂತ ನಂಗೆ ಕೇಳುಸ್ತಾ ಇರ್ಬೇಕು" ಎಂದಳು. ತಾತ ಎದ್ದು ಹೋಗಿ ತಮ್ಮ ಕರುವಿನ ಕೊರಳಿನಿಂದಲೇ ಒಂದು ಗೆಜ್ಜೆ ಬಿಚ್ಚಿ ತಂದರು.

ಹೀಗೆ ಒಂದೇ ಗಾಡಿಯಲ್ಲಿ ಚಿಕ್ಕಮ್ಮ, ಮಗು, ತೊಟ್ಟಿಲು ಮುಂದೆ, ರೋಸಿ ಹಿಂದೆ, ನಮ್ಮ ಮನೆಗೆ ಬಂದದ್ದಾಯಿತು.

ಗೆಜ್ಜೆ ಕಟ್ಟಿದ ಬೇಟೆನಾಯಿ ಎಂದರೆ ಊರೇ ನಗದೆ ಇರುತ್ತದೆಯೆ? "ಏನ್ ಸಾ, ಶಿಕಾರಿಗೊಂಟ್ರೋ ಭಜನೆಗೊಂಟ್ರೋ?" ಎಂದು ಕಾಂಪೌಂಡರ್ ಕಿಚಾಯಿಸಿದ. ಎಷ್ಟೋ ಹಕ್ಕಿ ಸದ್ದಿಗೇ ಎದ್ದು ಹಾರಿಹೋಗುತ್ತಿದ್ದವು. ಆದರೆ ಚಿಕ್ಕಪ್ಪ ಜಾಣ. ಪೊದೆಯೊಳಗೆ ರೋಸಿ ಕಾಣದಿದ್ದರೂ ಗೆಜ್ಜೆ ಕೇಳುತ್ತದೆ, ಗೆಜ್ಜೆ ನಿಂತಿತೆಂದರೆ ರೋಸಿ ಹಕ್ಕಿ ಕಂಡು ಕಾಲೆತ್ತಿ ನಿಂತಿದೆ ಎಂದು ಅರ್ಥ, ಕೋವಿ ಹಿಡಿದು ಅಲ್ಲಿಗೆ ನಡೆದರಾಯಿತು. ಗೆಜ್ಜೆ ನಿಂತರೆ ಹೊಲದಲ್ಲಿ ಚಿಕ್ಕಪ್ಪನಿಗೆ ಹಿಗ್ಗು. ಅದೇ ಗೆಜ್ಜೆ ನಿಂತರೆ ಮನೆಯಲ್ಲಿ ಚಿಕ್ಕಮ್ಮನಿಗೆ ಎದೆ ಧಸಕ್. ರೊಟ್ಟಿ ತಟ್ಟುತ್ತಿರಲಿ, ಸೊಪ್ಪು ಹಾಕುತ್ತಿರಲಿ, ಹಿಟ್ಟಿನ ಕೈಯಲ್ಲೇ ತೊಟ್ಟಿಲಿಗೆ ಓಡುತ್ತಿದ್ದಳು. ನೋಡಿದರೆ ರೋಸಿ ಹುಲ್ಲಿನ ಬಣವೆಯಲ್ಲಿ ಕಾವಿಗೆ ಕೂತ ಪಕ್ಕದ ಮನೆಯವರ ಕೋಳಿಯನ್ನೋ, ಕಣ್ಣಾಮುಚ್ಚಾಲೆಯಲ್ಲಿ ಅಡಗಿದ್ದ ನನ್ನನ್ನೋ ತೋರಿಸುತ್ತ ನಿಂತಿರುತ್ತಿತ್ತು. ಆ ನಾಯಿಯ ದೆಸೆಯಿಂದ ನಾನು ಒಂದಾಟವನ್ನೂ ಗೆದ್ದವಳಲ್ಲ.

ಮಾದೇವ ನಡೆಯಲು ಕಲಿತ ಮೇಲೆ ಚಿಕ್ಕಮ್ಮನ ಪಾಡು ಹೇಳತೀರದು. ಅವನು ರೋಸಿಯ ಕಡೆ ಓಡುವುದು, ಇವಳು ರೆಟ್ಟೆ ಹಿಡಿದು ಎಳೆಯುವುದು. ಮುದ್ದೆ ಕೊಡುತ್ತೇನೆಂದು ಅವನು ಅಳುವುದು, ಇವಳು ತಾನೇ ದೂರದಿಂದ ಎಸೆಯುವುದು. ವರ್ಷಗಳು ಕಳೆದರೂ ಅವಳು ಒಂದು ಸಲವೂ ಆ ನಾಯಿಯನ್ನು ಮುಟ್ಟಲಿಲ್ಲ. ಬೈಯಲೂ ಇಲ್ಲ. ಅವಳಿಗೆ ಇದ್ದದ್ದು ದ್ವೇಷವಲ್ಲ, ಭಯ. ಅದನ್ನು ಅರಿತಂತೆ ರೋಸಿಯೂ ಅವಳ ದಾರಿಗೆ ಅಡ್ಡ ಬರುತ್ತಿರಲಿಲ್ಲ.

ಹುಳ ಸಾಕಿದವರಿಗೆ ಗೊತ್ತು, ಹುಳ ಹಣ್ಣಾಗುವ ದಿನ ಮನೆಯಲ್ಲಿ ಯಾರಿಗೂ ಯಾರೂ ಇಲ್ಲ. ಮೈಯೆಲ್ಲ ಗಾಜಿನಂತಾಗಿ ತಲೆಯೆತ್ತುವ ಹುಳವನ್ನು ಆ ಹೊತ್ತಿಗೇ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲೆಲ್ಲ ನೆಲದ ಪಾಲು. ಅಂಥ ಒಂದು ದಿನ ನಾವೆಲ್ಲ ಕೋಣೆಯೊಳಗೆ ಬಗ್ಗಿಕೊಂಡಿದ್ದೆವು. ಮಾದೇವ ಪಡಸಾಲೆಯಲ್ಲಿ ಅಜ್ಜಿಯ ಪಕ್ಕದಲ್ಲಿದ್ದ. ಅಜ್ಜಿಗೆ ಜೊಂಪು ಹತ್ತಿತು. ಎದ್ದು ನೋಡಿದರೆ ಮಗುವಿಲ್ಲ.

ಹಿತ್ತಿಲು, ಕೊಟ್ಟಿಗೆ, ಹಿಪ್ಪುನೇರಳೆ ತೋಟ ಎಲ್ಲ ಜಾಲಾಡಿದೆವು. ತೋಟದ ಆಚೆ ಆಳೆತ್ತರದ ಕಬ್ಬು, ಕಬ್ಬಿನ ಪಕ್ಕದಲ್ಲಿ ಕಟ್ಟೆಯಿಲ್ಲದ ಬಾವಿ. ಬಾವಿಯ ಮೇಲಿನ ಮೆಟ್ಟಿಲಲ್ಲಿ ಅವನ ತಗಡಿನ ಗಿಲಕಿ ಬಿದ್ದಿತ್ತು. ಅದನ್ನು ಕಂಡದ್ದೇ ಚಿಕ್ಕಪ್ಪ ಅಂಗಿಯನ್ನೂ ಬಿಚ್ಚದೆ ಬಾವಿಗೆ ಹಾರಿದ. ಅಪ್ಪ ಮೆಟ್ಟಿಲಿಳಿದ. ಅಜ್ಜಿ ದಡದಲ್ಲಿ ಕೂತು ಎದೆ ಬಡಿದುಕೊಂಡಳು. ಊರಿನವರು ಓಡಿ ಬಂದರು, ಒಬ್ಬೊಬ್ಬರದೂ ಒಂದೊಂದು ಕೂಗು. ಚಿಕ್ಕಪ್ಪ ಮುಳುಗುತ್ತಿದ್ದ, ಬರಿಗೈಯಲ್ಲಿ ಏಳುತ್ತಿದ್ದ, ಮತ್ತೆ ಮುಳುಗುತ್ತಿದ್ದ. ಚಿಕ್ಕಮ್ಮ ಬಾವಿಯ ಅಂಚಿನಲ್ಲಿ ನಿಂತು ನೀರನ್ನೇ ನೋಡುತ್ತಿದ್ದಳು. ನನಗೆ ಅವಳ ಮುಖ ನೋಡಿಯೇ ಹೆದರಿಕೆಯಾಗಿ ಅವಳ ಸೆರಗು ಹಿಡಿದುಕೊಂಡೆ.

ಇದ್ದಕ್ಕಿದ್ದ ಹಾಗೆ ಅವಳು ಕೈಯೆತ್ತಿದಳು.

"ಸುಮ್ಕಿರಿ. ಎಲ್ರೂವೆ ಸುಮ್ಕಿರಿ!"

ಎಲ್ಲರೂ ಬಾಯಿ ಮುಚ್ಚಿದರು. ಏನೂ ಕೇಳಿಸಲಿಲ್ಲ.

"ಗೆಜ್ಜೆ ನಿಂತೋಯ್ತು" ಎಂದಳು. "ಈಗ್ಗಂಟ ಕಬ್ಬೊಳ್ಗೆ ಓಡಾಡ್ತಿತ್ತು, ನಿಂತೋಯ್ತು. ನಿಂತವ್ಳೆ ಕಣ್ರೀ! ಅಲ್ಲೇ ಅವ್ನೆ ನನ್ ಕೂಸು!"

ಅಷ್ಟು ಜನರ ಗದ್ದಲದಲ್ಲಿ ಕಬ್ಬಿನೊಳಗೆ ಗೆಜ್ಜೆ ಓಡಾಡುತ್ತಿದ್ದದ್ದು ನಮಗೆ ಯಾರಿಗೂ ಕೇಳಿರಲೇ ಇಲ್ಲ. ಇವಳ ಕಿವಿ ಮಾತ್ರ ವರ್ಷಗಳಿಂದ ಅದೇ ಸದ್ದಿನ ಹಿಂದೆ ಬಿದ್ದಿತ್ತು. ಸೀರೆ ಎತ್ತಿ ಕಟ್ಟಿ ಕಬ್ಬಿಗೆ ನುಗ್ಗಿದಳು, ಹಿಂದೆ ನಾನು. ಗರಿಯ ಅಂಚು ಅವಳ ಕೆನ್ನೆ, ಕೈಯನ್ನೆಲ್ಲ ಗೀರಿತು. ಅವಳಿಗೆ ಅರಿವೇ ಇಲ್ಲ.

ಒಳಗೆ, ಒಣಗಿದ ಸೋಗೆಯ ಮೇಲೆ, ಮಾದೇವ ಮುಷ್ಟಿಯಲ್ಲಿ ಒಂದು ಕಬ್ಬಿನ ತುಂಡು ಹಿಡಿದುಕೊಂಡು ನಿದ್ದೆ ಹೋಗಿದ್ದ. ಅವನೆದುರು ರೋಸಿ. ಮುಂಗಾಲು ಮೇಲೆ, ಬಾಲ ನೆಟ್ಟಗೆ, ಮೂಗು ಮಗುವಿನ ಕಡೆಗೆ. ಯಳಂದೂರಿನ ಪಡಸಾಲೆಯಲ್ಲಿ ನಿಂತಂತೆಯೇ ನಿಂತಿತ್ತು. ನಾವು ಗರಿ ಸರಿಸಿಕೊಂಡು ಹುಡುಕಿ ಬರುವಷ್ಟರಲ್ಲಿ ಎತ್ತಿದ ಕಾಲು ನಡುಗತೊಡಗಿತ್ತು. ಆದರೂ ಇಳಿಸಿರಲಿಲ್ಲ.

ಚಿಕ್ಕಮ್ಮ ಮಗನನ್ನು ಬಾಚಿ ಎದೆಗವಚಿಕೊಂಡಳು. ಆಗ ಅವಳಿಗೆ ಅಳು ಬಂತು. ಅತ್ತು ಅತ್ತು ತಲೆಯೆತ್ತಿದರೆ ನಾಯಿ ಇನ್ನೂ ಹಾಗೇ ನಿಂತಿದೆ. ಚಿಕ್ಕಪ್ಪ ಬಾವಿಯಿಂದ ಮೇಲೆ ಬಂದಿರಲಿಲ್ಲ. ನಾನು ಮುಂದಾಗಲು ಹೋದೆ, ಅವಳೇ ತಡೆದಳು. ಮಗುವನ್ನು ಒಂದು ತೋಳಿಗೆ ಹಾಕಿಕೊಂಡು, ಇನ್ನೊಂದು ಕೈಯನ್ನು ಮುಂದೆ ಚಾಚಿ, ಒಂದು ಗಳಿಗೆ ತಡೆದು, ಆಮೇಲೆ ರೋಸಿಯ ಭುಜದ ಮೇಲೆ ಇಟ್ಟಳು.

"ಸಾಕು ಕಣವ್ವ" ಎಂದಳು. "ಸಾಕು, ಕಾಲಿಳ್ಸು."

ರೋಸಿ ಕಾಲಿಳಿಸಿತು.

ಆ ಸಂಜೆ ಜಗಲಿಯ ಮೇಲೆ ಚಿಕ್ಕಮ್ಮ ತಾನೇ ಗೆಜ್ಜೆ ಬಿಚ್ಚಿ ನನ್ನ ಕೈಗೆ ಹಾಕಿದಳು. "ತಕ, ನೀ ಮಡಿಕ್ಕ. ಇನ್ನು ಅವ್ಳು ಎಲ್ಲವ್ಳೆ ಅಂತ ನಾ ಕಿವಿ ಮಡಿಕಂಡು ಕುಂತ್ಕಬೇಕಾದ್ದಿಲ್ಲ" ಎಂದಳು. ಅವತ್ತಿನಿಂದ ಇದು ನನ್ನ ಹತ್ತಿರವಿದೆ.

ಗೆಜ್ಜೆ ಹೋದದ್ದಕ್ಕೆ ಎಲ್ಲರಿಗಿಂತ ಹಿಗ್ಗಿದವನು ಚಿಕ್ಕಪ್ಪ. ಇನ್ನು ಸದ್ದಿಗೆ ಎದ್ದು ಹಾರುವ ಹಕ್ಕಿಗಳ ಕಥೆ ಮುಗಿಯಿತು ಎಂದುಕೊಂಡು, ಭಾನುವಾರ ಕೋವಿ ಇಳಿಸಿ, ಎಣ್ಣೆ ಒರೆಸಿ, ಅಂಗಳದಲ್ಲಿ ನಿಂತು ಸಿಳ್ಳೆ ಹಾಕಿದ. ಹೊಸ್ತಿಲ ಒಳಗೆ, ಮಾದೇವನ ಪಕ್ಕದಲ್ಲಿ ಮಲಗಿದ್ದ ರೋಸಿ ಎದ್ದು ನಿಂತಿತು. ಸೊಪ್ಪಿನ ಮಂಕರಿ ಹೊತ್ತು ಹೊರಟಿದ್ದ ಚಿಕ್ಕಮ್ಮ ಬಾಗಿಲಲ್ಲಿ ತಿರುಗಿದಳು.

"ಎಲ್ಗೆ ಕರ್ಕಂಡೋದೀರಿ ಅವ್ಳ? ನಾ ಸೊಪ್ಪಿಗೋಯ್ತೀನಿ. ಕೂಸ ನೋಡ್ಕಳೋರ್ಯಾರು? ಬೇಕಾದ್ರೆ ನೀವೊಬ್ರೇ ಓಗ್ಬನ್ನಿ."

ಮೂರು ಊರು ತಿರುಗಿ, ಪುಸ್ತಕ ಓದಿಸಿ, ಬೆಟ್ಟದಿಂದ ಇಳಿಸಿ ತಂದ ಹಕ್ಕಿ ನಾಯಿ ಚಿಕ್ಕಪ್ಪನ ಮುಖ ನೋಡಿತು, ಚಿಕ್ಕಮ್ಮನ ಮುಖ ನೋಡಿತು, ಮತ್ತೆ ಮಗುವಿನ ಪಕ್ಕದಲ್ಲಿ ಮೂತಿಯಿಟ್ಟು ಮಲಗಿತು. ಚಿಕ್ಕಪ್ಪ ಏನು ಮಾಡಿಯಾನು, ಕೋವಿ ಹೆಗಲಿಗೇರಿಸಿ ಒಬ್ಬನೇ ಹೊರಟ. ಜಗಲಿಯಿಂದ ಅಜ್ಜಿ ಕೂಗಿದಳು:

"ಲೋ, ಆ ಗೆಜ್ಜೆಯ ನೀನಾದ್ರೂ ಕಟ್ಕಂಡೋಗ್ಲಾ. ಎಲ್ಲಿದ್ದೀಯ ಅಂತ ನಮ್ಗೂ ಗೊತ್ತಾಗ್ಲಿ!"